ಕುದಿಸದ ಚಾಕು

ಬಲಗೈ ತೋರುಬೆರಳಿನ ಉಗುರ ಬುಡ ಮಹಾನವಮಿಯ ಹಿಂದಿನ ದಿನ ಕೆಂಪಾಯಿತು. ಉಗುರುಸುತ್ತು. ಲಿಂಬೆಹಣ್ಣಿಗೆ ತೂತು ಕೊರೆದು ಬೆರಳಿಗೆ ಸಿಗಿಸಿಕೊಂಡೆ. ಗಿರಾಕಿಗಳ ಹಬ್ಬದ ಜಂಪರು ಹೊಲಿಯುವುದು ಬಾಕಿ ಇತ್ತು. ನನಗೆ ಶುಗರ್ ಇದೆ, ಅವತ್ತೇ ಆಸ್ಪತ್ರೆಗೆ ಹೋಗಬೇಕಿತ್ತು. ಆ ತಪ್ಪು ನನ್ನದು.

ಮರುದಿನ ಬೆರಳು ಸಿಡಿಯತೊಡಗಿತು.

ನಮ್ಮ ಮನೆಯವರ ಅಜ್ಜ ಸವಣೂರು ಸಂಸ್ಥಾನದ ಕಾಲದಲ್ಲಿ ದವಾಖಾನೆಯ ಕಂಪೌಂಡರ್. ಅವರ ಸಾಗವಾನಿ ಪೆಟ್ಟಿಗೆ ಪ್ರತಿ ಮಹಾನವಮಿಗೆ ಆಯುಧಗಳ ಖಂಡೇಪೂಜೆಗೆ ದೇವರ ಮುಂದೆ ಬರುತ್ತದೆ. ಒಳಗೆ ಕೆಂಪು ಮಖಮಲ್ಲು. ಚಾಕು, ಚಿಮಟ, ಸಣ್ಣ ಗರಗಸ, ಒಂದೊಂದಕ್ಕೂ ಅದರ ಅಳತೆಯದೇ ಕುಳಿ. ಎಲ್ಲಕ್ಕೂ ಕುಂಕುಮ ಹಚ್ಚಿಯಾಗಿತ್ತು.

“ಅಜ್ಜ ಊರ ಮಂದಿ ಕುರು ಎಲ್ಲಾ ಇದರಲೇ ಕೊಯ್ದಾನ. ಕೈ ಕೊಡು,” ಎಂದರು ಇವರು.

“ಕುದಿಸೀರೇನ್ರಿ ಅದನ್ನ?”

“ದಂತದ ಹಿಡಿಕಿ ಐತಿ, ಕುದಿಸಿದ್ರ ಸೀಳತೈತಿ. ಪೂಜಾ ಮಾಡಿದ್ದಕ್ಕ ಏನಾಕ್ಕೈತಿ?”

ಧೋತರದ ಚುಂಗಿನಿಂದ ಕುಂಕುಮ ಒರೆಸಿ ಕೊಯ್ದರು. ಕೀವು ಹೋಗಿ ಹಾಯೆನಿಸಿತು. ನಾನೂ ಮೂರ್ಖಿ, ಪೆಟ್ಟಿಗೆಗೆ ಕೈಮುಗಿದೆ.

ಮೂರನೇ ದಿನ ಅಂಗೈತನಕ ಬಾವು, ಚಳಿಜ್ವರ. ಆಸ್ಪತ್ರೆಯಲ್ಲಿ ಡಾಕ್ಟರ್, “ಯಾರು ಕೊಯ್ದ್ರಿ ಇದನ್ನ?” ಎಂದರು. ನಾನು ಬಾಯಿ ತೆರೆಯುವ ಮೊದಲೇ ಇವರು, “ತಾನ ಒಡದೈತ್ರಿ ಸರ್.”

ಅಜ್ಜನ ಹೆಸರು ಕೆಡಬಾರದಂತೆ!

ಗುಳಿಗೆ ಬರೆದು ಕಳಿಸಿದರು. ಎರಡೇ ದಿನದಲ್ಲಿ ಬೆರಳ ತುದಿ ಕಪ್ಪಾಯಿತು. ಹುಬ್ಬಳ್ಳಿಯ ಸರ್ಜನ್ ಮುಂದೆ ನಾನೇ ಎಲ್ಲ ಹೇಳಿದೆ. ಅವರು ಇವರತ್ತ ತಿರುಗಿ, “ಮೊದಲನೇ ದಿನಾನ ಖರೇ ಹೇಳಿದ್ರ ಅವತ್ತ ಅಡ್ಮಿಟ್ ಮಾಡ್ಕೊಂಡು ಗಾಯ ಬಿಚ್ಚಿ ತೊಳೀತಿದ್ರು,” ಎಂದರು.

ತುದಿಯ ಗೆಣ್ಣು ತೆಗೆದರು.

ಉಳಿದ ಬೆರಳು ಉಳಿಯಿತು, ಅದಕ್ಕಾಗಿ ಆ ಸರ್ಜನ್‌ಗೆ ಕೈಮುಗಿಯುತ್ತೇನೆ. ಆದರೆ ವಾರ್ಡಿನಲ್ಲಿ ಮಲಗಿದಷ್ಟು ದಿನವೂ ಒಂದೇ ಸಿಟ್ಟು. ಚಾಕುವಿನ ಹಿಡಿಕೆಯ ಮೇಲಿದ್ದ ಕಾಳಜಿ, ಹೊಲಿದು ಮನೆ ನಡೆಸುವ ಹೆಂಡತಿಯ ಬೆರಳಿನ ಮೇಲೆ ಇರಲಿಲ್ಲವಲ್ಲ! ಮನೆಗೆ ಬಂದ ಮೇಲೂ ತಿಂಗಳುಗಟ್ಟಲೆ ಇವರೊಡನೆ ಮಾತಾಡಲಿಲ್ಲ.

ಈಗ ನಡುಬೆರಳಿನಿಂದ ಬಟ್ಟೆ ಸರಿಸುವುದನ್ನು ಕಲಿತಿದ್ದೇನೆ. ಕೆಲಸ ನಿಧಾನ, ಆದರೆ ಹೊಲಿಗೆ ನೇರ ಬರುತ್ತದೆ. ಮೊನ್ನೆ ಜಂಪರು ಒಯ್ಯಲು ಬಂದ ಹೆಂಗಸು, “ಬೆರಳಿಗೆ ಏನಾತ್ರಿ ಅಕ್ಕಾ?” ಎಂದಳು. ಪಡಸಾಲೆಯಲ್ಲಿ ಕೂತಿದ್ದ ಇವರು ತಲೆ ತಗ್ಗಿಸಿ, “ನಾನ ಕೊಯ್ದೇನಿ, ಹೊಲಸ ಚಾಕುಲೆ. ಡಾಕ್ಟರ್ ಮುಂದ ಸುಳ್ಳೂ ಹೇಳೇನಿ,” ಎಂದರು.

ಸಿಟ್ಟು ಇಳಿಯಿತೆಂದು ಹೇಳಲಾರೆ. ಆದರೂ ಅಷ್ಟು ದಿನಗಳ ಮೇಲೆ ಮೊದಲ ಸಲ ಇವರೊಡನೆ ಮಾತಾಡಿದೆ.

“ಸ್ವಲ್ಪ ಗಟ್ಟ್ಯಾಗಿ ಹೇಳ್ರಿ. ಓಣಿಗೆಲ್ಲಾ ಕೇಳ್ಲಿ.”