ಮಳೆ ಇಲ್ಲವೆಂದೂ ಹೇಳಿದ ಮುನಿಶಾಮಮ್ಮ

ಬಂಗಾರಪೇಟೆಯಿಂದ ಕೆಜಿಎಫ್‌ಗೆ ಹೋಗುವ ರಸ್ತೆಯ ಪಕ್ಕದಲ್ಲಿ ರಾಮಚಂದ್ರಪ್ಪನವರ ಇಟ್ಟಿಗೆ ಗೂಡು. ಅಲ್ಲಿ ಮುನಿಶಾಮಮ್ಮನ ಗಂಟಲಿಗೆ ಎದುರಿರಲಿಲ್ಲ. ಮದುವೆಯಾಗಿ ಬಂದ ವರ್ಷವೇ ಕೆಲಸಕ್ಕೆ ಸೇರಿದವಳು. ಗಂಡ ತೀರಿಕೊಂಡ ಮೇಲೂ ಅದೇ ಅಚ್ಚು, ಅದೇ ಮಣ್ಣು. ಓದು ಬರದು. ಜನರನ್ನು ಮಾತಿನಲ್ಲೇ ಎಳೆದು ತರುವುದು ಮಾತ್ರ ಚೆನ್ನಾಗಿ ಬರುತ್ತಿತ್ತು.

ಹಸಿ ಇಟ್ಟಿಗೆಗೆ ಮಳೆಯಷ್ಟು ಕೆಟ್ಟ ಶತ್ರು ಬೇರೆ ಇಲ್ಲ. ಬಿಸಿಲಿಗೆ ಒಣಗಲಿಟ್ಟ ಸಾಲುಗಳ ಮೇಲೆ ಒಂದು ಜೋರು ಮಳೆ ಹೊಡೆದರೆ ವಾರದ ದುಡಿಮೆಯೆಲ್ಲ ಕೆಸರು. ಒಂದು ಬೇಸಿಗೆಯಲ್ಲಿ ಹಾಗೇ ಆಯಿತು. ಫೋನಿನ ಹವಾಮಾನ ವರದಿಯಲ್ಲಿ ಸೂರ್ಯನ ಚಿತ್ರ ನೋಡಿದ ಧೈರ್ಯದ ಮೇಲೆ ಎಲ್ಲರೂ ಊಟಕ್ಕೆ ಕುಳಿತಿದ್ದರು. ಕೆಜಿಎಫ್ ಚಿನ್ನದ ಗಣಿಯ ಮಣ್ಣು ಸುರಿದ ಸೈನೈಡ್ ದಿಬ್ಬಗಳ ಕಡೆಯಿಂದ ಎದ್ದ ಕರಿಮೋಡ, ಉಂಡು ಕೈತೊಳೆಯುವಷ್ಟರಲ್ಲಿ ತಲೆಯ ಮೇಲಿತ್ತು. ಆಲಿಕಲ್ಲು ನಿಂತಾಗ ಸಾಲುಗಳಿದ್ದ ಜಾಗದಲ್ಲಿ ಬರೀ ಮಣ್ಣಿನ ಗುಡ್ಡೆ. ಮುನಿಶಾಮಮ್ಮ ಕೆಸರಿನಲ್ಲೇ ನಿಂತು ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, ಹಿಂದೆ ಇದೇ ಗೂಡಿನಲ್ಲಿ ಲೋಡ್ ಹೊತ್ತು, ಈಗ ಕೆಜಿಎಫ್‌ನ ಊರಿಗಾಂನಲ್ಲಿ ಟೀ ಅಂಗಡಿ ಇಟ್ಟಿದ್ದ ಆರುಮುಗಂಗೆ ಫೋನ್ ಮಾಡಿದಳು.

"ಅಲ್ಲೂ ಬಿತ್ತೇನ್ಲಾ?"

"ಅಯ್ಯೋ ಅಕ್ಕಾ, ಐಸ್ ಕಟ್ಟಿ ಮಾದಿರಿ ಬಿತ್ತು! ನಿಮ್ಗಿಂತ ಮುಂಚೇನೇ ನಮ್ಗೆ ಒಡ್ದೋಯ್ತು."

"ಒಂದು ಮಾತು ಏಳ್ಬಾರ್ದಿತ್ತಾ?"

"ನಿಮ್ ಕಡೀಕೆ ಬತ್ತೈತೆ ಅಂತ ನಂಗೇನಕ್ಕಾ ಗೊತ್ತು?"

ಆ ಮಾತು ಆಕೆಯನ್ನು ಬಿಡಲಿಲ್ಲ. ಅಲ್ಲಿ ಕಂಡವನಿಗೆ ಇಲ್ಲಿಯವರ ಚಿಂತೆ ಗೊತ್ತಿಲ್ಲ, ಇಲ್ಲಿ ಚಿಂತೆ ಪಡುವವರಿಗೆ ಅಲ್ಲಿಯದು ಕಾಣುವುದಿಲ್ಲ.

ಆದ್ದರಿಂದಲೇ, ಮುಂದಿನ ಬೇಸಿಗೆಗೆ ಮುಂಚೆ ಬೆಂಗಳೂರಿನ ಹವಾಮಾನ ತಂಡದಿಂದ ಸುಮಿತಾ ಎಂಬ ಹುಡುಗಿ ಪಂಚಾಯ್ತಿ ಕಟ್ಟೆಗೆ ಬಂದಾಗ ಮುನಿಶಾಮಮ್ಮ ಮುಂದಿನ ಸಾಲಿನಲ್ಲಿದ್ದಳು. "ಮೋಡದ ಹೊಟ್ಟೆಯಲ್ಲಿ ಎಷ್ಟು ನೀರಿದೆ ಅಂತ ನಮ್ಮ ರೇಡಾರ್ ಹೇಳುತ್ತೆ," ಎಂದಳು ಸುಮಿತಾ. "ಅದು ನೆಲಕ್ಕೆ ಬಿತ್ತಾ, ಯಾವ ಊರಲ್ಲಿ ಬಿತ್ತು, ಆಲಿಕಲ್ಲಾಗಿ ಬಿತ್ತಾ, ಅದನ್ನ ನೀವು ಹೇಳ್ಬೇಕು." ಫೋನಿನಲ್ಲಿ ಒಂದು ಆ್ಯಪ್, ಅದರಲ್ಲಿ ಹನಿ, ಆಲಿಕಲ್ಲು, ಗಾಳಿ, ಬಿಸಿಲಿನ ಚಿತ್ರಗಳು. ಕಂಡಿದ್ದನ್ನು ಒತ್ತಿದರೆ ಸಾಕು. ಓದು ಬರದವಳಿಗೂ ಅದು ನೀರು ಕುಡಿದಷ್ಟು ಸಲೀಸು.

ಮುನಿಶಾಮಮ್ಮ ಆರುಮುಗಂನನ್ನು ಸೇರಿಸಿದಳು. ಅವನು ಟೀ ಕುಡಿಯಲು ಬರುವವರನ್ನೆಲ್ಲ ಸೇರಿಸಿದ. ಮಳೆ ಬಿದ್ದಲ್ಲೆಲ್ಲ ಜನ ಉತ್ಸಾಹದಿಂದ ಒತ್ತಿದರು. ಹೀಗಿರುವಾಗ ಒಂದು ಮಧ್ಯಾಹ್ನ ಅದೇ ಆ್ಯಪಿನಿಂದ ಎಚ್ಚರಿಕೆ ಬಂತು: ಬಂಗಾರಪೇಟೆಗೆ ಭಾರಿ ಮಳೆ. ಗೂಡಿನವರೆಲ್ಲ ಓಡಿ ಟಾರ್ಪಾಲ್ ಹೊದಿಸಿದರು. ಒಂದು ಹನಿಯೂ ಬೀಳಲಿಲ್ಲ. ಸುಡುಬಿಸಿಲಿನಲ್ಲಿ ಇಟ್ಟಿಗೆಗಳು ಮುಸುಕಿನೊಳಗೇ ಬೆವತು ಕುಳಿತವು.

"ನಿನ್ ಫೋನಿಗಿಷ್ಟು ಬೆಂಕಿ ಆಕ!" ಎಂದು ಜೊತೆಯಲ್ಲಿ ಮಣ್ಣು ಕಲಸುವ ಪಾಪಕ್ಕ ಉಗಿದಳು. ರಾಮಚಂದ್ರಪ್ಪನವರೂ, "ಇನ್ಮೇಲೆ ಇದೆಲ್ಲ ಬ್ಯಾಡ ಕಣಮ್ಮಾ" ಎಂದುಬಿಟ್ಟರು.

ಮುನಿಶಾಮಮ್ಮ ಸುಮಿತಾಳಿಗೆ ಫೋನ್ ಮಾಡಿ ಸಿಟ್ಟೆಲ್ಲ ಕಾರಿದಳು. ಸುಮಿತಾ ನೆಪ ಹೇಳಲಿಲ್ಲ. "ಮಳೆ ಬಂದವರು ಮಾತ್ರ ಒತ್ತುತ್ತಾರೆ ಅಮ್ಮಾ. ಬರದೇ ಇದ್ದವರು ಸುಮ್ಮನಿರುತ್ತಾರೆ. ಮಳೆ ಎಲ್ಲಿ ನಿಂತುಹೋಯ್ತು ಅಂತ ನಮಗೆ ತಿಳಿಯೋದೇ ಇಲ್ಲ. ಹೀಗಾಗಿ ಎಲ್ಲ ಕಡೆ ಬರುತ್ತೆ ಅಂತ ಲೆಕ್ಕ ಬಂತು."

"ಅಂಗಾದ್ರೆ ಬಿಸ್ಲಿದ್ರೂ ಒತ್ಬೇಕಾ?"

"ಅದೇ ಎಲ್ಲಕ್ಕಿಂತ ಮುಖ್ಯ."

ಇಷ್ಟು ತಿಳಿದದ್ದೇ ತಡ, ಮುನಿಶಾಮಮ್ಮ ಹೊರಟಳು. ಭಾನುವಾರ ಮಾರಿಕುಪ್ಪಂ ರೈಲು ಹತ್ತಿ, ಕೂತವರನ್ನೂ ನಿಂತವರನ್ನೂ ಬಿಡದೆ ಹಿಡಿದಳು. ಆಂಡರ್ಸನ್‌ಪೇಟೆಯ ಆಟೋ ಸ್ಟ್ಯಾಂಡಿನಲ್ಲಿ ತಮಿಳಿನಲ್ಲಿ, ಗಡಿ ಕಡೆಯ ಹಾಲಿನ ಡೇರಿಗಳಲ್ಲಿ ತೆಲುಗಿನಲ್ಲಿ ಒಂದೇ ಮಾತು: ಮಳೆ ಇಲ್ಲದಿದ್ದರೂ ಹೇಳಿ. "ಏನೂ ಆಗ್ಲಿಲ್ಲ ಅಂತ ಯಾರಾದ್ರೂ ಸುದ್ದಿ ಮಾಡ್ತಾರಾ?" ಎಂದು ನಕ್ಕವರಿಗೆ, "ನಿನ್ನ 'ಏನೂ ಆಗ್ಲಿಲ್ಲ' ಅನ್ನೋದ್ರಾಗೇ ನಮ್ಮ ಅನ್ನ ಐತೆ ಕಣ್ಲಾ," ಎಂದು ಅಲ್ಲೇ ಅವರ ಬೆರಳು ಹಿಡಿದು ಒತ್ತಿಸಿದಳು. ನಕ್ಕವರೂ ಒತ್ತಿದರು. ಆಮೇಲೆ ಅದೇ ರೂಢಿಯಾಯಿತು.

ಮೇ ತಿಂಗಳು. ಗೂಡಿಗೆ ಏರಿಸಲು ಸಿದ್ಧವಾದ ಹಸಿ ಇಟ್ಟಿಗೆ ಅಂಗಳದ ತುಂಬ ಇತ್ತು. ಆಕಾಶ ತೊಳೆದಿಟ್ಟ ತಟ್ಟೆಯಂತಿತ್ತು. ಆಗ ಫೋನು ಕೂಗಿತು: ಇನ್ನರ್ಧ ಗಂಟೆಯೊಳಗೆ ಆಲಿಕಲ್ಲು. ಇಡೀ ತಾಲ್ಲೂಕಿಗಲ್ಲ, ಈ ರಸ್ತೆಯ ಪಟ್ಟಿಗೆ ಮಾತ್ರ.

"ಎಳೀರಿ ಟಾರ್ಪಾಲು!" ಎಂದು ಮುನಿಶಾಮಮ್ಮ ಕೂಗಿದಳು.

ಯಾರೂ ಕದಲಲಿಲ್ಲ. "ಮೊನ್ನೆದು ಸಾಲ್ದಾ?" ಎಂದಳು ಪಾಪಕ್ಕ.

ಮುನಿಶಾಮಮ್ಮ ಒಮ್ಮೆ ಆಕಾಶ ನೋಡಿದಳು. ಈ ಸಲ ತಪ್ಪಿದರೆ ಮತ್ತೆಂದೂ ಯಾರೂ ತನ್ನ ಮಾತು ಕೇಳರು. ಆದರೂ ಸೆರಗು ಬಿಗಿದು ಒಬ್ಬಳೇ ಟಾರ್ಪಾಲಿನ ತುದಿ ಹಿಡಿದು ಎಳೆಯತೊಡಗಿದಳು. ಅಷ್ಟು ದೊಡ್ಡ ಹಾಳೆ ಒಬ್ಬಳ ಕೈಗೆ ಎಲ್ಲಿ ಬರಬೇಕು? ಎಳೆದಂತೆ ಮಡಿಚಿಕೊಂಡಿತು. ಅದನ್ನು ನೋಡಲಾರದೆ ಪಾಪಕ್ಕ ಗೊಣಗುತ್ತಲೇ ಎದ್ದು ಇನ್ನೊಂದು ತುದಿ ಹಿಡಿದಳು. ಅವಳು ಎದ್ದದ್ದೇ, ಎಲ್ಲರೂ ಎದ್ದರು. ರಾಮಚಂದ್ರಪ್ಪನವರು ಪಂಚೆ ಮೇಲೆ ಕಟ್ಟಿ ಅಂಚಿಗೆ ಕಲ್ಲು ಹೇರಿದರು.

ಕೊನೆಯ ಸಾಲು ಮುಚ್ಚುವಾಗ ಪೂರ್ವದಲ್ಲಿ ಗುಡುಗಿತು. ತಣ್ಣನೆ ಗಾಳಿ ಬಂತು. ಆಮೇಲೆ ಶುರುವಾಯಿತು ನೋಡಿ, ಶೆಡ್ಡಿನ ತಗಡು ಕಿತ್ತುಹೋಗುವಂತೆ ಆಲಿಕಲ್ಲಿನ ಹೊಡೆತ! ಶೆಡ್ಡಿನೊಳಗೆ ಒಬ್ಬರ ಮಾತು ಒಬ್ಬರಿಗೆ ಕೇಳಿಸಲಿಲ್ಲ.

ಮಳೆ ನಿಂತಿತು. ಮುನಿಶಾಮಮ್ಮ ಟಾರ್ಪಾಲಿನ ಅಂಚು ಎತ್ತಿ ಕೈ ಹಾಕಿದಳು. ಇಟ್ಟಿಗೆ ಬೆಚ್ಚಗೆ, ಒಣಗಿ, ಮೂಲೆ ಮುರಿಯದೆ ಕುಳಿತಿತ್ತು.

"ಪಾಪಕ್ಕಾ, ಬಾರೇ, ಮುಟ್ಟಿ ನೋಡೇ!"

ಪಾಪಕ್ಕ ಮುಟ್ಟಿದಳು, ಮತ್ತೊಂದು ಸಾಲನ್ನೂ ಮುಟ್ಟಿದಳು, ಆಮೇಲೆ ಮುನಿಶಾಮಮ್ಮನನ್ನು ತಬ್ಬಿ ಕೆಸರಿನಲ್ಲೇ ಕುಣಿದುಬಿಟ್ಟಳು.

ಸಂಜೆ ಸುಮಿತಾ ಫೋನ್ ಮಾಡಿದಳು. ಮಾರಿಕುಪ್ಪಂ, ಊರಿಗಾಂನವರು ಆಲಿಕಲ್ಲು ಒತ್ತಿದ್ದರು. ಎರಡೂ ಪಕ್ಕದ ಹಳ್ಳಿಗಳವರು ಬಿಸಿಲು ಒತ್ತಿದ್ದರು. "ರೇಡಾರಿನ ಜೊತೆ ಅವನ್ನೂ ಇಟ್ಟು ನೋಡಿದಾಗ ಬಿರುಗಾಳಿಯ ದಾರಿ ಗೀಟು ಎಳೆದ ಹಾಗೆ ಕಾಣಿಸಿತು ಅಮ್ಮಾ!" ಎಂದಳು. ಮುನಿಶಾಮಮ್ಮ ಆ ಸುದ್ದಿಯನ್ನು ಊರಿಗಾಂಗೆ ಮುಟ್ಟಿಸಿದಳು. ಆರುಮುಗಂ ಅದನ್ನು ಅಂಗಡಿಯಲ್ಲಿ ಕೂಗಿ ಹೇಳಿದ. ಅಲ್ಲಿದ್ದವರ ಶಿಳ್ಳೆ, ಚಪ್ಪಾಳೆ ಫೋನಿನಲ್ಲಿ ಈಚೆಗೂ ಕೇಳಿಸಿತು.

ಈಗ ಶ್ರೀನಿವಾಸಪುರದ ಮಾವಿನ ತೋಟದವರು, ತಮ್ಮ ಕಡೆಯವರಿಗೂ ಆ್ಯಪ್ ಒತ್ತುವುದನ್ನು ಕಲಿಸಲೆಂದು, ಮುನಿಶಾಮಮ್ಮನನ್ನು ಕರೆಸಿಕೊಳ್ಳುತ್ತಾರೆ. ಹೋಗುವಾಗ ಪಾಪಕ್ಕನೂ ಜೊತೆಗೆ. ಸಭೆಯಲ್ಲಿ ಸುಮ್ಮನೆ ಕುಳಿತವರನ್ನು ಎಬ್ಬಿಸುವ ಕೆಲಸ ಅವಳದು.