ಬಿಸ್ಕೆಟ್ ಡಬ್ಬಿಯ ಮಾತ್ರೆಗಳು

ನಿನ್ನೆ ಬೈಕಂಪಾಡಿಯಿಂದ ನಾದಿನಿಯ ಫೋನ್. "ಅತ್ತಿಗೆ, ನಿಮ್ಮ ಡಬ್ಬಿಯಲ್ಲಿ ಆ ಹಳದಿ ಮಾತ್ರೆ ಉಂಟಾ? ಉಷ್ಣ ಆಗಿದೆ. ಮೂತ್ರ ಮಾಡ್ಲಿಕ್ಕೆ ಆಗುದಿಲ್ಲ, ಅಷ್ಟು ಉರಿ." ಫೋನನ್ನು ಭುಜಕ್ಕೆ ಒತ್ತಿಕೊಂಡು ಆ ಹಳೆಯ ಬಿಸ್ಕೆಟ್ ಡಬ್ಬಿ ತೆಗೆದೆ. ಈಗ ಅದರಲ್ಲಿರುವುದು ಸೂಜಿ, ನೂಲು, ಗುಂಡಿ. ಆದರೂ ಮುಚ್ಚಳ ತೆಗೆದರೆ ಮಾತ್ರೆಯ ಕಹಿ ವಾಸನೆ ಹಾಗೇ ಇದೆ, ನೋಡಿ.

ಒಂದು ಕಾಲದಲ್ಲಿ ಆ ಡಬ್ಬಿಯೇ ನಮ್ಮ ಮನೆಯ ಮೆಡಿಕಲ್ ಶಾಪ್. ಯಾರ ಜ್ವರ ಇಳಿದರೂ ಉಳಿದ ಮಾತ್ರೆ ಅದರೊಳಗೆ. ಮುಂದೆ ಯಾರಿಗಾದರೂ ಆದೀತು ಎಂದು ಅತ್ತೆ ಜೋಪಾನ ಮಾಡುತ್ತಿದ್ದರು. ಬಂಗುಡೆಯ ತಲೆಯನ್ನೂ ಬಿಸಾಡದ ಮನೆ ನಮ್ಮದು. ಬೋಟಿನಿಂದ ಬಂದ ನನ್ನ ಗಂಡ ಉರಿಮೂತ್ರವೆಂದು ಅದರಿಂದಲೇ ನಾಲ್ಕು ನುಂಗಿದರು. ಅವರದು ತಗ್ಗಿತು, ನನಗೆ ಶುರುವಾಯಿತು.

"ಡಾಕ್ಟ್ರು ಎಂತಕ್ಕೆ ಮಾರಾಯ್ತಿ, ಬೊಂಡ ಕುಡಿ," ಎಂದರು ಅತ್ತೆ. ಎಳನೀರಿನವನು ನನ್ನನ್ನು ದೂರದಲ್ಲಿ ಕಂಡರೇ ಕತ್ತಿ ಎತ್ತುವಷ್ಟು ಕುಡಿದೆ. ಡಬ್ಬಿಯ ಮಾತ್ರೆಯನ್ನೂ ನುಂಗಿದೆ. ಕೊನೆಗೆ ಕಿಬ್ಬೊಟ್ಟೆ ಹಿಡಿದುಕೊಂಡು ಬಲ್ಮಠದ ಲೇಡಿ ಡಾಕ್ಟರ ಬಳಿ ಹೋದೆ.

ಅವರು ಪರೀಕ್ಷೆ ಮಾಡಿಸಿ ಹೆಸರು ಹೇಳಿದರು: ಗೊನೋರಿಯಾ, ಕೂಡುವುದರಿಂದ ಅಂಟುವ ರೋಗ. "ನೀವು ತಿಂದ ಮಾತ್ರೆಗೆ ಇದು ಈಗ ಬಗ್ಗುದಿಲ್ಲ. ಎಲ್ಲರೂ ಅರ್ಧರ್ಧ ತಿಂದು ರೋಗಾಣುವಿಗೇ ಆ ಮಾತ್ರೆ ಅಭ್ಯಾಸ ಮಾಡಿಸಿದ್ದೀರಿ. ಇಂಜೆಕ್ಷನ್ ಉಂಟು. ಆದ್ರೆ ಗಂಡನೂ ಬರಬೇಕು, ಇಲ್ಲದಿದ್ರೆ ಪುನಃ ನಿಮಗೇ. ಹೀಗೇ ಬಿಟ್ರೆ ಮಕ್ಕಳಾಗುದು ಕಷ್ಟ."

ನನಗೆ ಮಗು ಬೇಕಿತ್ತು. ಎಲ್ಲಿಂದ ತಂದಿರಿ ಎಂದು ಗಂಡನನ್ನು ಕೇಳಿದೆ. ಆ ಜಗಳ ಬೇರೆಯೇ ಇದೆ, ಅದನ್ನೂ ನಾನು ಬಿಡಲಿಲ್ಲ.

"ನನಗೀಗ ಎಂತದೂ ಇಲ್ಲ. ನಾನ್ಯಾಕೆ ಡಾಕ್ಟರ ಬಳಿ ಬರುದು?" ಎಂದರು ಗಂಡ.

"ಹಾಗಾದ್ರೆ ಚಾಪೆ ಹಿಡ್ಕೊಂಡು ಹೊರಗೆ ಮಲಗಿ."

ಅತ್ತೆ ಮರ್ಯಾದೆಯ ಮಾತು ತೆಗೆದರು. "ಮರ್ಯಾದೆಗೆ ಹೊಟ್ಟೆನೋವು ಬರುದಿಲ್ಲ ಅತ್ತೆ, ನನಗೆ ಬರ್ತದೆ," ಎಂದೆ.

ಗಂಡ ಬಂದರು. ಕ್ಲಿನಿಕ್ಕಿನಲ್ಲಿ ತಮ್ಮ ಸರದಿ ಬರುವ ತನಕ ಹೆಲ್ಮೆಟ್ ತೆಗೆಯದೆ ಕೂತರು. ಪಕ್ಕದಲ್ಲಿ ನಾನು ತಲೆ ಎತ್ತಿಯೇ ಕೂತೆ. ಮನೆಗೆ ಬಂದು ಡಬ್ಬಿ ಬರಿದು ಮಾಡಿದೆ. ಈಗ ಅದರಲ್ಲಿರುವ ಗುಂಡಿಗಳು ಮಗಳ ಯೂನಿಫಾರ್ಮಿನವು.

ಇಷ್ಟು ವರ್ಷ ಈ ಕಥೆ ನಮ್ಮ ಹೊಸ್ತಿಲು ದಾಟಿರಲಿಲ್ಲ. "ಉಂಟಾ ಇಲ್ವಾ ಅತ್ತಿಗೆ?" ಎಂದು ನಿನ್ನೆ ಫೋನಿನಲ್ಲಿ ಮತ್ತೆ ಕೇಳಿದಳು ನಾದಿನಿ. ಎದುರಿಗೆ ಅತ್ತೆ, ಹೇಳಬೇಡ ಎಂದು ಕೈಯಾಡಿಸುತ್ತಿದ್ದರು.

"ಮಾತ್ರೆ ಇಲ್ಲ," ಎಂದೆ, ಅತ್ತೆಗೂ ಕೇಳುವ ಹಾಗೆ. "ನನಗೂ ಹೀಗೇ ಆಗಿತ್ತು, ನಿನ್ನ ಅಣ್ಣನಿಂದ. ಅದು ಉಷ್ಣ ಅಲ್ಲ, ಗೊನೋರಿಯಾ. ನಿನ್ನದು ಎಂತದು ಅಂತ ಪರೀಕ್ಷೆ ಹೇಳ್ಲಿ. ನಾಳೆ ಬಾ, ನಾನೂ ಬರ್ತೇನೆ. ನಿನ್ನ ಗಂಡನೂ ಬರಬೇಕಾದೀತು. ಅವರಿಗೆ ನಾಚಿಕೆ ಆದ್ರೆ ಹೆಲ್ಮೆಟ್ ನಮ್ಮಲ್ಲಿ ಉಂಟು."