ಹಲ್‌ಗೆ ಹೊರಟ ಅಮ್ಮನಿಗೊಂದು ವೀಲ್‌ಚೇರ್

ಮಾರ್ಚ್ 8, ಶನಿವಾರ, ಬೆಳಿಗ್ಗೆ 10.20. ಅಮೆರಿಕದ ವುಡ್‌ಬ್ರಿಡ್ಜ್‌ನ ಟ್ರಾವೆಲ್ ಏಜೆನ್ಸಿಯಲ್ಲಿ ಅಮ್ಮನ ಜೊತೆ ಕೂತಿದ್ದೇನೆ. ಇಂಗ್ಲೆಂಡಿನ ಹಲ್ ಎಂಬ ಊರಿನಲ್ಲಿ ಅಕ್ಕನಿಗೆ ಒಂಬತ್ತು ತಿಂಗಳು. ಬಾಣಂತನಕ್ಕೆ ಅಮ್ಮ ಹೆರಿಗೆಗೆ ಮುಂಚೆಯೇ ತಲುಪಬೇಕು. ನನ್ನ ವೀಸಾ ರಿನ್ಯೂವಲ್‌ಗೆ ಹೋಗಿರುವುದರಿಂದ ನಾನು ಜೊತೆಗೆ ಹೋಗುವಂತಿಲ್ಲ, ಅಮ್ಮ ಒಬ್ಬಳೇ ಹೋಗಬೇಕು. ಅವಳಿಗೆ ಇಂಗ್ಲಿಷ್ ಬಾರದು.

ಏಜೆಂಟ್ ಉಡುಪಿ ಕಡೆಯ ಆಂಟಿ. ನಮ್ಮನ್ನು ಕೇಳದೆಯೇ ವೀಲ್‌ಚೇರ್ ಬೇಕೆಂದು ಟೈಪ್ ಮಾಡಿದರು. ಅಮ್ಮ ಕೆರಳಿದಳು. “ದಿನಾ ಮೂರು ಮೈಲಿ ನಡೀತೀನಿ ಕಣ್ರೀ. ಬಾಣಂತನ ಮಾಡೋಳೇ ಕುರ್ಚೀಲಿ ಹೋದ್ರೆ ನೋಡಿದೋರು ಏನಂತಾರೆ?”

“ಕುರ್ಚಿ ಕಾಲಿಗಲ್ಲ ಅಮ್ಮಾ, ಭಾಷೆಗೆ. ಏರ್‌ಪೋರ್ಟಿನಲ್ಲಿ ಅದನ್ನು ತಳ್ಳುವವ ಇಮಿಗ್ರೇಷನ್ ದಾಟಿಸಿ ಬಾಗಿಲ ತನಕ ಬಿಡ್ತಾನೆ. ನನ್ನ ಅತ್ತೆಯೂ ಹಾಗೇ ಬಂದದ್ದು. ಹೊರಗೆ ಬಂದದ್ದೇ ಎದ್ದು ನನಗಿಂತ ಮುಂದೆ ಕಾರಿಗೆ ಓಡಿದ್ರು ಮಾರಾಯ್ರೆ!”

ಅಮ್ಮ ನಕ್ಕು ಒಪ್ಪಿದಳು. ಆಮೇಲೆ ನನ್ನ ಕಡೆ ತಿರುಗಿದಳು. “ಮ್ಯಾಂಚೆಸ್ಟರ್‌ನಲ್ಲಿ ಇಳಿದ್ಮೇಲೆ ಹಲ್‌ಗೆ ರೈಲು ಅಂದ್ಯಲ್ಲ, ಅಲ್ಲಿ ತಳ್ಳೋರು ಯಾರೋ?”

ನಾನು ಆಂಟಿಯನ್ನು ಕೇಳಿದೆ. ಲಂಡನ್‌ಗೆ ಎಷ್ಟೋ ಜನರನ್ನು ಕಳಿಸಿದ್ದಾರಂತೆ, ಹಲ್‌ಗೆ ಯಾರನ್ನೂ ಕಳಿಸಿಲ್ಲ. ಭಾವ ಅಕ್ಕನನ್ನು ಬಿಟ್ಟು ಬರುವಂತಿಲ್ಲ.

ಟಿಕೆಟ್ ಸಂಜೆಯವರೆಗೆ ಹೋಲ್ಡ್‌ನಲ್ಲಿದೆ. ಅಪ್ಪನನ್ನೋ ಅಮ್ಮನನ್ನೋ ಆ ರೈಲಿನಲ್ಲಿ ಒಬ್ಬರನ್ನೇ ಕಳಿಸಿದವರಿದ್ದರೆ, ಸ್ಟೇಷನ್ನಿನಲ್ಲಿ ಕೈಹಿಡಿದು ಹತ್ತಿಸುವವರು ಸಿಗುತ್ತಾರೆಯೇ, ದಯವಿಟ್ಟು ಬರೆಯಿರಿ.